ಕೆರೆಯ ಮೀನಿಗೆ ಗುಡ್ಡದ ತೈಲ



2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಮಳೆನೀರಿಗೆಂದು ಇದ್ದ ಕಾಲುವೆಗಳಲ್ಲಿ ಕೊಳಚೆ ಹರಿದು ಬಂದು, ನೀರಿನಲ್ಲಿ ಕರಗಿದ ಆಮ್ಲಜನಕ ಕುಗ್ಗಿದ್ದೇ ಇದಕ್ಕೆ ಕಾರಣವೆಂದು ತಜ್ಞರು ಹೇಳಿದರು. ಆ ಸಾವು ರೋಗದಿಂದ ಬಂದುದಲ್ಲ. ಆದರೆ ಮೀನಿನ ರೋಗವೂ ಬಹುಮಟ್ಟಿಗೆ ಅದೇ ದಾರಿಯಲ್ಲಿ ಬರುತ್ತದೆ.

ಕಾಟ್ಲಾ, ರೋಹು ಮೊದಲಾದ ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಲು ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಮ್ಲಜನಕ ಬೇಕು. ಅದು ಕಡಿಮೆಯಾದಾಗ, ಕೊಳದಲ್ಲಿ ಮೀನು ಕಿಕ್ಕಿರಿದಾಗ, ನೀರಿನಲ್ಲಿ ಸದಾ ಇರುವ ಏರೋಮೋನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ಬಲಹೀನವಾದ ಮೀನಿನ ಮೇಲೆರಗುತ್ತದೆ. ಮೈಮೇಲೆ ಕೆಂಪು ಹುಣ್ಣು ಏಳುತ್ತದೆ, ಹೊಟ್ಟೆ ಊದುತ್ತದೆ. ಆಗ ಸಾಕಣೆದಾರನ ಕೈ ಪ್ರತಿಜೀವಕದ ಕಡೆಗೆ ಹೋಗುತ್ತದೆ. ಪದೇ ಪದೇ ಬಳಸಿದ ಪ್ರತಿಜೀವಕಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತದೆ. ಔಷಧದ ಶೇಷ ಮೀನಿನೊಡನೆ ಮನುಷ್ಯನ ತಟ್ಟೆಗೂ ಬರುತ್ತದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳನ್ನು ಭಾರತದಲ್ಲಿ ಜಲಕೃಷಿಗೆ ನಿಷೇಧಿಸಿರುವುದು ಈ ಭಯದಿಂದಲೇ.

ಇಲ್ಲಿಯೇ ಸಸ್ಯತೈಲಗಳ ಮಾತು ಬರುತ್ತದೆ. ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತ ಮೀನೂ ಮಾರಾಟವಾಗುತ್ತದೆ, ಗುಡ್ಡಗಾಡಿನ ಸಂಬಾರ ಪದಾರ್ಥಗಳೂ ಮಾರಾಟವಾಗುತ್ತವೆ. ಅಡಿಗೆಮನೆಯಲ್ಲಿ ಕೂಡುವ ಇವೆರಡನ್ನು ವಿಜ್ಞಾನಿಗಳು ಕೊಳದಲ್ಲಿಯೇ ಕೂಡಿಸಲು ಯತ್ನಿಸುತ್ತಿದ್ದಾರೆ. ಲವಂಗದ ಯುಜಿನಾಲ್, ಓಮದ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್, ಮಜ್ಜಿಗೆಹುಲ್ಲಿನ ಸಿಟ್ರಾಲ್, ದಾಲ್ಚಿನ್ನಿ ತೊಗಟೆಯ ಸಿನ್ನಮಾಲ್ಡಿಹೈಡ್ ಇವೆಲ್ಲ ಜಿಡ್ಡಿನ ಗುಣದವು. ಬ್ಯಾಕ್ಟೀರಿಯಾದ ಹೊರಪೊರೆಯೂ ಜಿಡ್ಡಿನಿಂದಲೇ ಆದದ್ದು. ತೈಲದ ಅಣು ಆ ಪೊರೆಯೊಳಗೆ ಸೇರಿ ಅದನ್ನು ಸಡಿಲಿಸುತ್ತದೆ. ಒಳಗಿನ ಲವಣಾಂಶ ಸೋರಿ ಜೀವಕೋಶ ಸಾಯುತ್ತದೆ. ಪೆಟ್ಟು ಒಂದೇ ಕಡೆಗೆ ಬೀಳದ ಕಾರಣ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗುವುದು ಅಷ್ಟು ಸುಲಭವಲ್ಲವೆಂಬ ನಿರೀಕ್ಷೆಯಿದೆ.

ಆದರೆ ಪ್ರಯೋಗಶಾಲೆಯ ಗಾಜಿನ ತಟ್ಟೆ ಬೇರೆ, ಕೆಸರಿನ ಕೊಳ ಬೇರೆ. ತೈಲ ನೀರಿನಲ್ಲಿ ಕರಗದು, ಬೇಗನೆ ಆವಿಯಾಗುತ್ತದೆ, ಕೊಳೆತ ಪದಾರ್ಥಕ್ಕೆ ಅಂಟಿಕೊಂಡು ಶಕ್ತಿಗುಂದುತ್ತದೆ. ಆದುದರಿಂದ ಕೊಳಕ್ಕೆ ಸುರಿಯುವುದಕ್ಕಿಂತ ಆಹಾರದಲ್ಲಿ ಬೆರೆಸಿ ಕೊಡುವ ಕ್ರಮವೇ ಹೆಚ್ಚು ಪರಿಶೀಲನೆಗೆ ಒಳಗಾಗಿದೆ. ಸಸ್ಯದ್ದೆಂದ ಮಾತ್ರಕ್ಕೆ ನಿರಪಾಯವೆಂದೂ ಅಲ್ಲ. ಲೀಟರ್ ನೀರಿಗೆ ಹತ್ತಾರು ಮಿಲಿಗ್ರಾಂ ಲವಂಗತೈಲ ಬೆರೆತರೆ ಮೀನು ಪ್ರಜ್ಞೆ ತಪ್ಪುತ್ತದೆ. ಮೀನನ್ನು ಅರಿವಳಿಕೆಗೆ ಒಳಪಡಿಸಲು ಬಳಸುವುದೂ ಅದನ್ನೇ. ಪ್ರಮಾಣ ಮೀರಿದರೆ ಮದ್ದೇ ಮೃತ್ಯು.

ಗುಡ್ಡದ ಜನರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆಯಿದೆ. ನಾಳೆ ಇಂಥ ತೈಲಕ್ಕೆ ಬೇಡಿಕೆ ಹೆಚ್ಚಿದರೆ ಮೊದಲ ಕತ್ತಿಯೇಟು ಬೀಳುವುದು ಕಾಡಿನ ದಾಲ್ಚಿನ್ನಿಯ ಮೇಲೆ. ಸುತ್ತಲೂ ತೊಗಟೆ ಸುಲಿದ ಮರ ಮತ್ತೆ ಚಿಗುರುವುದೆಂಬ ಭರವಸೆಯಿಲ್ಲ. ಓಮ, ತುಳಸಿ, ಮಜ್ಜಿಗೆಹುಲ್ಲು, ದೊಡ್ಡಪತ್ರೆಗಳಾದರೋ ಹೊಲ-ಹಿತ್ತಿಲುಗಳಲ್ಲಿ ಬೆಳೆಯತಕ್ಕವು. ಬೇಡಿಕೆ ಅತ್ತ ತಿರುಗಿದರೆ ಕೃಷಿಕನಿಗೂ ಲಾಭ, ಕಾಡಿಗೂ ಕ್ಷೇಮ. ಪಟ್ಟಣದ ಕೊಳಚೆಯಿಂದ ಹುಟ್ಟಿದ ರೋಗಕ್ಕೆ ಗುಡ್ಡದ ಮರ ಬಲಿಯಾಗಬಾರದು.

ಹಲಸೂರು ಕೆರೆಯಿಂದ ಹೊರಬಿದ್ದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ಹರಿವಿನುದ್ದಕ್ಕೂ ಯಾವ ತೈಲವೂ ಆಮ್ಲಜನಕವನ್ನು ಮರಳಿಸಲಾರದು. ಕೊಳಚೆಯನ್ನು ಕೆರೆಯ ಬಾಯಿಯಲ್ಲೇ ತಡೆಯುವುದು ಮೊದಲ ಚಿಕಿತ್ಸೆ. ಮೀನಿನ ಸಂಖ್ಯೆಯನ್ನು ಮಿತಿಯಲ್ಲಿಡುವುದು ಎರಡನೆಯದು. ತೈಲಕ್ಕೆ ಸ್ಥಾನವಿರುವುದು ಅವೆರಡರ ನಂತರವೇ.