ಗುಂಡಿನ ಪೆಟ್ಟು, ಮರದ ತುಂಡಿನ ಸಾಕ್ಷಿ



ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಸಿನಿಮಾದಲ್ಲಿ ನೀವು ನೋಡಿರುತ್ತೀರಿ: ಹೀರೋ ಗುಂಡು ಹಾರಿಸುತ್ತಾನೆ, ವಿಲನ್ ಹತ್ತು ಅಡಿ ಹಿಂದಕ್ಕೆ ಹಾರಿ, ಗಾಜು ಒಡೆದುಕೊಂಡು ಬೀಳುತ್ತಾನೆ. ನಿಜಕ್ಕೂ ಹಾಗಾಗುತ್ತದೆಯೇ? ನಾನು ಓದಿದ್ದು ಕನ್ನಡ ಎಂ.ಎ., ಫಿಸಿಕ್ಸ್ ಅಲ್ಲ. ಆದರೆ ಮಗಳ ಎ-ಲೆವೆಲ್ ಪುಸ್ತಕದಲ್ಲಿ 'ಬ್ಯಾಲಿಸ್ಟಿಕ್ ಪೆಂಡುಲಮ್' ಎಂಬ ಲೆಕ್ಕ ಕಣ್ಣಿಗೆ ಬಿತ್ತು. ಅದರ ಹಿಂದೆ ಹೋದಾಗ ಈ ಪ್ರಶ್ನೆಗೆ ಉತ್ತರ ಸಿಕ್ಕಿತು, ಜೊತೆಗೆ ಇನ್ನೂ ದೊಡ್ಡ ಒಂದು ವಿಷಯವೂ ಸಿಕ್ಕಿತು.

ಈ ಲೋಲಕವನ್ನು ಕೋವಿ ಗುಂಡಿಗೆ ಒಡ್ಡಿದವನು ಬೆಂಜಮಿನ್ ರಾಬಿನ್ಸ್. 1707ರಲ್ಲಿ ಇದೇ ಇಂಗ್ಲೆಂಡಿನ ಬಾತ್ ಊರಿನಲ್ಲಿ ಹುಟ್ಟಿದವನು. ಅವನದು ಕ್ವೇಕರ್ ಮನೆತನ. ಕ್ವೇಕರರು ಯುದ್ಧವನ್ನೇ ಒಪ್ಪದ ಪಂಥದವರು. ಅಂಥ ಮನೆಯಿಂದ ಬಂದ ಹುಡುಗ 1742ರಲ್ಲಿ ಫಿರಂಗಿ, ಕೋವಿಗಳ ವಿಜ್ಞಾನದ ಮೇಲೆ ಪುಸ್ತಕ ಬರೆದ. ಲಿಯೊನಾರ್ಡ್ ಆಯ್ಲರ್‌ನಂಥ ಗಣಿತಜ್ಞನೇ ಅದನ್ನು ಜರ್ಮನ್ ಭಾಷೆಗೆ ತಂದ ಎಂದರೆ ಅದರ ಮಹತ್ವ ಊಹಿಸಿಕೊಳ್ಳಿ.

ರಾಬಿನ್ಸನ ಮುಂದಿದ್ದ ಸಮಸ್ಯೆ ಇದು. ಕೋವಿಯಿಂದ ಹೊರಟ ಗುಂಡು ಕಣ್ಣಿಗೇ ಕಾಣುವುದಿಲ್ಲ. ಅದರ ವೇಗ ಅಳೆಯುವುದು ಹೇಗೆ? ಆ ಕಾಲದ ಯಾವ ಗಡಿಯಾರವೂ ಅದಕ್ಕೆ ಸಾಲದು. ಅವನು ಮಾಡಿದ್ದು ಬಹಳ ಸರಳ. ಸುಮಾರು 25 ಕೆ.ಜಿ. ತೂಕದ, ಮರದ ಹಲಗೆ ಜೋಡಿಸಿದ ಒಂದು ಲೋಲಕವನ್ನು ತೂಗುಹಾಕಿದ. ಅದರ ಕೆಳಗೆ ಒಂದು ರಿಬ್ಬನ್ ಕಟ್ಟಿದ. ಗುಂಡು ಬಂದು ಮರದೊಳಗೆ ಹೂತುಕೊಂಡಾಗ ಲೋಲಕ ಹಿಂದಕ್ಕೆ ತೂಗುತ್ತದೆ, ರಿಬ್ಬನ್ ಅಷ್ಟು ಉದ್ದಕ್ಕೆ ಹೊರಗೆ ಬರುತ್ತದೆ. ರಿಬ್ಬನ್ ಅಳೆದರೆ ಲೋಲಕದ ವೇಗ ಗೊತ್ತಾಯಿತು. ಡಿಕ್ಕಿಯಲ್ಲಿ ಮೊಮೆಂಟಮ್, ಅಂದರೆ ಸಂವೇಗ, ನಷ್ಟವಾಗುವುದಿಲ್ಲವಾದ್ದರಿಂದ ಗುಂಡಿನ ವೇಗವೂ ಗೊತ್ತಾಯಿತು: ಸೆಕೆಂಡಿಗೆ 1,600 ಅಡಿಗೂ ಹೆಚ್ಚು, ಸುಮಾರು 500 ಮೀಟರ್. ಶಬ್ದಕ್ಕಿಂತಲೂ ವೇಗ!

ಇದರಿಂದ ಹಳೆಯ ನಂಬಿಕೆಯೊಂದು ಬಿದ್ದುಹೋಯಿತು. ಅಷ್ಟು ಚಿಕ್ಕ, ಭಾರದ ಗುಂಡಿಗೆ ಗಾಳಿ ಏನು ಮಾಡೀತು ಎಂದು ಹೆಚ್ಚಿನವರು ತಿಳಿದಿದ್ದರು. ಗಾಳಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಆ ವೇಗದ ಗುಂಡು 25 ಕಿಲೋಮೀಟರ್ ದೂರ ಹೋಗಬೇಕು. ನಿಜದಲ್ಲಿ ಅದು ಒಂದೆರಡು ಕಿಲೋಮೀಟರ್ ಕೂಡ ಹೋಗುವುದಿಲ್ಲ. ಅಷ್ಟು ವೇಗದಲ್ಲಿ ಗಾಳಿಯ ತಡೆ ಗುಂಡಿನ ತೂಕದ ನೂರು ಪಟ್ಟಿಗೂ ಮಿಗಿಲು ಎಂದು ರಾಬಿನ್ಸ್ ತೋರಿಸಿದ.

ಈಗ ಪೆನ್ನು ಹಿಡಿಯಿರಿ. ಗುಂಡಿನ ತೂಕ 38 ಗ್ರಾಂ, ವೇಗ 500 ಮೀಟರ್. ಸಂವೇಗ 19 ಯೂನಿಟ್. 150 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಸಂವೇಗ ಸುಮಾರು 6.7. ಅಂದರೆ ಗುಂಡಿನದು ಮೂರು ಪಟ್ಟಿಗೂ ಕಡಿಮೆ! 70 ಕೆ.ಜಿ. ತೂಕದ ಮನುಷ್ಯನಿಗೆ ಅದು ಕೊಡುವ ವೇಗ ಸೆಕೆಂಡಿಗೆ 27 ಸೆಂಟಿಮೀಟರ್, ನಾವು ಮನೆಯೊಳಗೆ ಮೆಲ್ಲಗೆ ನಡೆಯುವುದಕ್ಕಿಂತ ಕಡಿಮೆ. ನ್ಯೂಟನ್ನನ ಮೂರನೆಯ ನಿಯಮವೂ ಇದೆಯಲ್ಲ, ವಿಲನ್ ಹಾರಿಹೋಗುವುದಾದರೆ ಕೋವಿ ಹಿಡಿದ ಹೀರೋ ಕೂಡ ಹಿಂದಕ್ಕೆ ಹಾರಬೇಕು. ಹಾಗಾಗಿ ಸಿನಿಮಾ ತೋರಿಸುವುದು ಸುಳ್ಳು.

ಹಾಗಾದರೆ ಗುಂಡು ಅಷ್ಟೇನೂ ಅಪಾಯವಲ್ಲವೇ? ಇಲ್ಲೇ ಲೆಕ್ಕ ತಿರುಗುವುದು. ಎನರ್ಜಿ ನೋಡಿ. ಆ ಚೆಂಡಿನದು 140 ಜೂಲ್. ಗುಂಡಿನದು 4,750 ಜೂಲ್, 34 ಪಟ್ಟು. ಡಿಕ್ಕಿಯಾದ ಮೇಲೆ ರಾಬಿನ್ಸನ ಲೋಲಕದಲ್ಲಿ ಚಲನೆಯಾಗಿ ಉಳಿಯುವುದು ಬರೀ 7 ಜೂಲ್. ಲೋಲಕ ಮೇಲೇಳುವುದು 3 ಸೆಂಟಿಮೀಟರ್, ಅಷ್ಟೇ. ಉಳಿದ ಶೇಕಡಾ 99.8ಕ್ಕೂ ಹೆಚ್ಚು ಎಲ್ಲಿ ಹೋಯಿತು? ಮರವನ್ನು ಸೀಳುವುದಕ್ಕೆ, ಸೀಸವನ್ನು ಜಜ್ಜುವುದಕ್ಕೆ, ಬಿಸಿ ಮಾಡುವುದಕ್ಕೆ. ರಿಬ್ಬನ್ ಮೇಲೆ ಅದರ ಗುರುತೇ ಇಲ್ಲ.

ನಮ್ಮ ಭಾಷೆಯಲ್ಲಿ ಇಂಪ್ಯಾಕ್ಟ್‌ಗೆ 'ಆಘಾತ' ಎನ್ನುತ್ತೇವೆ. ತೀರಾ ಹತ್ತಿರದವರು ಹೋದ ಸುದ್ದಿ ಬಂದಾಗ ಮನಸ್ಸಿಗೆ ಆಗುವುದಕ್ಕೂ ಅದೇ ಪದ. ಹೊರಗಿನಿಂದ ನೋಡಿದರೆ ಮನುಷ್ಯ ನಿಂತೇ ಇರುತ್ತಾನೆ, ಮುರಿದದ್ದು ಒಳಗೆ. ಗುಂಡಿನ ಪೆಟ್ಟೂ ಹಾಗೆಯೇ. ದೇಹ ಹಾರುವುದಿಲ್ಲ, ಒಳಗೆ ಹರಿದುಹೋಗುತ್ತದೆ.

ಲೋಲಕದ ತೂಕ ಹೆಚ್ಚಿಸುತ್ತಾ ಹೋದರೆ ಅದು ತೂಗುವುದು ಇನ್ನೂ ಕಡಿಮೆಯಾಗುತ್ತದೆ. ಕೊನೆಗೆ ಅಲುಗಾಡದ ಕೋಟೆಯ ಗೋಡೆ ಎಂದಿಟ್ಟುಕೊಳ್ಳಿ. ಆಗ ಹೆಚ್ಚುಕಡಿಮೆ ಎಲ್ಲ ಶಕ್ತಿಯೂ ಕಲ್ಲು ಒಡೆಯುವುದಕ್ಕೇ. ಅದಕ್ಕೇ ಮುತ್ತಿಗೆ ಹಾಕಿದವರು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆಯುತ್ತಿದ್ದರು. ರಜೆಗೆ ಊರಿಗೆ ಹೋದಾಗ ನಿಮ್ಮಲ್ಲಿ ಬಹಳ ಮಂದಿ ಶ್ರೀರಂಗಪಟ್ಟಣ ನೋಡಿರುತ್ತೀರಿ. 1799ರ ಮೇ 4ರಂದು ಕಂಪನಿಯ ಸೇನೆ ಒಳನುಗ್ಗಿದ್ದು ಫಿರಂಗಿಗಳು ಹಾಗೆ ಒಡೆದಿದ್ದ ಗೋಡೆಯ ಬಿರುಕಿನಿಂದಲೇ. ಟಿಪ್ಪು ಸುಲ್ತಾನ್ ಸತ್ತದ್ದು ಅಂದೇ. ಮುಂದಿನ ಸಲ ಹೋದಾಗ ಸೆಲ್ಫಿ ತೆಗೆದುಕೊಂಡ ಮೇಲೆ ಅಲ್ಲಿ ಒಂದು ನಿಮಿಷ ನಿಲ್ಲಿ. ಆ ಗೋಡೆಯ ಹಿಂದೆ ಒಂದು ಊರಿತ್ತು, ಒಲೆ ಉರಿಯುವ ಮನೆಗಳಿದ್ದವು.

ಇದೇ ಲೆಕ್ಕ ಜೀವ ಉಳಿಸುವುದಕ್ಕೂ ಬರುತ್ತದೆ. 1965ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೋಲೆಕ್ ಒಂದು ಗಟ್ಟಿ ನಾರಿಗೆ ದಾರಿ ಕಂಡುಹಿಡಿದರು. ಅದೇ ಮುಂದೆ ಕೆವ್ಲಾರ್ ಆಯಿತು. ಆ ನಾರಿನ ಅಂಗಿ ಗುಂಡಿನ ಪೆಟ್ಟನ್ನು ಅಗಲಕ್ಕೆ ಹರಡಿ, ಶಕ್ತಿಯನ್ನು ತನ್ನ ಎಳೆಗಳಲ್ಲೇ ಹೀರಿಕೊಳ್ಳುತ್ತದೆ. ನಿಮ್ಮ ಸೈಕಲ್ ಹೆಲ್ಮೆಟ್ಟಿನ ಒಳಗಿನ ಫೋಮ್ ಮಾಡುವುದೂ ಅಂಥದ್ದೇ ಕೆಲಸ: ತಾನು ಜಜ್ಜಿಹೋಗಿ ನಿಮ್ಮ ತಲೆ ಉಳಿಸುತ್ತದೆ. ಆದ್ದರಿಂದ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ. ಬೆಂಗಳೂರಿನಲ್ಲಿ ಅಣ್ಣನೋ ಅಕ್ಕನೋ "ಅಂಗಡಿ ಇಲ್ಲೇ ಇದೆ, ಹೆಲ್ಮೆಟ್ ಯಾಕೆ, ಹತ್ತು" ಎಂದರೆ ಸ್ಕೂಟರ್ ಹತ್ತಬೇಡಿ. ಇದು ಅಮ್ಮನ ಮಾತು, ಫಿಸಿಕ್ಸಿನ ಮಾತೂ ಹೌದು.

ಕೊನೆಗೆ ರಾಬಿನ್ಸ್ ಏನಾದ? ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಟೆಗಳನ್ನು ಸರಿಪಡಿಸಲು ಅವನನ್ನು ಭಾರತಕ್ಕೆ ಕಳಿಸಿತು. 1750ರಲ್ಲಿ ಬಂದವನು ಮರುವರ್ಷವೇ ತಮಿಳುನಾಡಿನ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ನಮ್ಮ ನೆಲಕ್ಕೆ ಬಂದು ನಮ್ಮ ನೆಲದಲ್ಲೇ ಮುಗಿದ ಬದುಕು ಅದು.

ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರ್ ಆಗುತ್ತೀರಿ. ರಕ್ಷಣಾ ಕಂಪನಿಗಳಲ್ಲಿ ಒಳ್ಳೆಯ ಸಂಬಳದ ಕೆಲಸಗಳೂ ಸಿಗಬಹುದು. ಹೋಗಬೇಡಿ ಎನ್ನಲು ನನಗೆ ಅಧಿಕಾರವಿಲ್ಲ, ದೇಶಗಳಿಗೆ ರಕ್ಷಣೆ ಬೇಡ ಎನ್ನುವಷ್ಟು ಮುಗ್ಧೆಯೂ ನಾನಲ್ಲ. ಒಂದೇ ಕೋರಿಕೆ: ಪರದೆಯ ಮೇಲೆ ವೇಗ, ದೂರ, ಗುರಿಯ ಅಂಕಿಗಳು ಬರುತ್ತವಲ್ಲ, ಅವು ರಾಬಿನ್ಸನ ರಿಬ್ಬನ್ ಇದ್ದ ಹಾಗೆ. ಅದು ಅಳೆದದ್ದು ನಿಜ, ಆದರೆ ಪೂರ್ತಿಯಲ್ಲ. ಉಳಿದದ್ದು ಎಲ್ಲಿ ಹೋಯಿತು, ಯಾರ ಮೈಯಲ್ಲಿ, ಯಾರ ಮನೆಯಲ್ಲಿ ಎಂದು ಒಮ್ಮೆ ಕೇಳಿಕೊಳ್ಳಿ. ಕೇಳುವ ಅಭ್ಯಾಸ ಇದ್ದವರ ಕೈಯಲ್ಲಿ ವಿಜ್ಞಾನ ಇರಲಿ ಎನ್ನುವುದು ನನ್ನ ಆಸೆ.