ರಕ್ತದ ಕೊಬ್ಬು, ವಂಶದ ಪಾಲು
(ಟಾಲಿಗಂಜಿನಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೂ ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಲು ಧೈರ್ಯಮಾಡಿದ್ದೇವೆ. ನಮ್ಮ ಟಾಲಿಗಂಜಿನ ಮೆಟ್ರೋ ನಿಲ್ದಾಣಕ್ಕೆ ಮಹಾನಾಯಕ ಉತ್ತಮ್ ಕುಮಾರರ ಹೆಸರಿದೆಯಷ್ಟೆ. 1980ರ ಜುಲೈ 24ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 53 ವಯಸ್ಸು. ನಮ್ಮ ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು ಅಗಲಿದಾಗ 46. ಮರುವರ್ಷದ ರಾಜ್ಯೋತ್ಸವದಂದೇ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಸಂದಿತು. ಇವರಿಬ್ಬರ ವಿಷಯದಲ್ಲಿ ಕಾರಣ ಇಂಥದೇ ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಪುನೀತರು ಹೋದ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಪರೀಕ್ಷೆಗೆಂದು ಜನ ಮುಗಿಬಿದ್ದರು. ಅಷ್ಟು ಗಟ್ಟಿಮುಟ್ಟಾದವರಿಗೇ ಹೀಗಾದರೆ ನಮ್ಮ ಪಾಡೇನು ಎಂಬ ಭಯ ಅದು. ಆ ಪ್ರಶ್ನೆಗೆ ಒಂದು ಪಾಲು ಉತ್ತರ ವಂಶದಲ್ಲಿ ದೊರೆಯುತ್ತದೆ.

ರಕ್ತದಲ್ಲಿ ಕೊಲೆಸ್ಟರಾಲ್ ಏರಿತೆಂದರೆ ನಾವು ತಟ್ಟೆಯನ್ನು ದೂರುತ್ತೇವೆ. ಊರಿನಲ್ಲಿದ್ದವರು ಬೆಣ್ಣೆದೋಸೆಯನ್ನು ಬೈದರೆ, ಇಲ್ಲಿರುವ ನಾವು ಲೂಚಿಯನ್ನು ಬೈಯುತ್ತೇವೆ. ತಟ್ಟೆ ನಿರಪರಾಧಿಯೇನಲ್ಲ. ಆದರೆ ಕೊಲೆಸ್ಟರಾಲನ್ನು ಬಹುಮಟ್ಟಿಗೆ ತಯಾರಿಸುವುದು ನಮ್ಮ ಶರೀರವೇ. ರಕ್ತದಿಂದ ಅದನ್ನು ಹಿಂದಕ್ಕೆ ಸೆಳೆದುಕೊಳ್ಳುವ ಮುಖ್ಯ ಕೆಲಸ ಯಕೃತ್ತಿನದು. ಯಕೃತ್ತಿನ ಜೀವಕೋಶಗಳ ಮೇಲೆ ಇದಕ್ಕೆಂದೇ ಬಾಗಿಲುಗಳಿವೆ. ಅಮೆರಿಕದ ಡಲ್ಲಾಸಿನಲ್ಲಿ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ವೈದ್ಯರಿಬ್ಬರು ಈ ಬಾಗಿಲುಗಳನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಬಾಗಿಲು ಕಟ್ಟುವ ವಂಶವಾಹಿ ನಮಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಅವುಗಳಲ್ಲೊಂದು ಕೆಟ್ಟಿದ್ದರೆ ಬಾಗಿಲು ಅರ್ಧಕ್ಕರ್ಧ, ಎಲ್.ಡಿ.ಎಲ್. ಎಂಬ ಕೆಟ್ಟ ಕೊಬ್ಬು ಹುಟ್ಟಿದಂದಿನಿಂದಲೇ ಸುಮಾರು ಇಮ್ಮಡಿ. ಸಾಮಾನ್ಯವಾಗಿ ಇನ್ನೂರೈವತ್ತು–ಮುನ್ನೂರು ಮಂದಿಯಲ್ಲಿ ಒಬ್ಬರು ಇಂಥವರು. ಅವರು ಕಡ್ಡಿಯಂತೆ ತೆಳ್ಳಗಿರಬಹುದು, ಸಸ್ಯಾಹಾರಿಗಳಾಗಿರಬಹುದು.

ಎರಡೂ ಕೆಟ್ಟಿದ್ದರೆ? ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಬರುವ ಸ್ಥಿತಿ ಅದು. ಮಗುವಿನ ಹಿಮ್ಮಡಿ, ಮೊಣಕೈಗಳಲ್ಲಿ ಹಳದಿ ಗಂಟುಗಳೇಳುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಇಪ್ಪತ್ತರೊಳಗೇ ಹೃದಯಾಘಾತವಾಗಬಹುದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಬಳಕೆ ನಮ್ಮ ಸೀಮೆಯಲ್ಲಿ ಇಂದಿಗೂ ಉಂಟು. ಒಂದೇ ಅಜ್ಜನ ಕೆಟ್ಟ ವಂಶವಾಹಿ ಗಂಡಹೆಂಡಿರಿಬ್ಬರಲ್ಲೂ ಕೂಡಿದಾಗ, ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಪಾಲು ಈ ಅಪಾಯವಿದೆ. ಗೋತ್ರ ಕೇಳುವಾಗ ತಂದೆಯ ಕಡೆಯನ್ನಷ್ಟೇ ಕೇಳುತ್ತೇವೆ. ವಂಶವಾಹಿಗೆ ಆ ಪಕ್ಷಪಾತವಿಲ್ಲ.

ಇನ್ನು ಬ್ಯಾಂಕಿನವರಿಗೆ ಚೆನ್ನಾಗಿ ಅರ್ಥವಾಗುವ ಒಂದು ಸಂಗತಿ. 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪಿ.ಸಿ.ಎಸ್.ಕೆ.9 ಎಂಬ ವಂಶವಾಹಿಯೊಂದರ ದೋಷದಿಂದಲೂ ಕೊಬ್ಬು ಏರುವುದೆಂದು ತೋರಿಸಿದರು. ಇದು ಮೇಲೆ ಹೇಳಿದ ಬಾಗಿಲುಗಳನ್ನು ಕೆಡಹುವ ವಸ್ತುವನ್ನು ತಯಾರಿಸತಕ್ಕದ್ದು. ಅದೇ ವಂಶವಾಹಿ ಕೆಲಸ ಮಾಡದೆ ಸುಮ್ಮನಿದ್ದವರೂ ಇದ್ದಾರೆ! 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಅಂಥ ಕಪ್ಪು ಜನಾಂಗದವರ ಎಲ್.ಡಿ.ಎಲ್. ಶೇಕಡಾ 28ರಷ್ಟು ಮಾತ್ರ ಕಡಿಮೆಯಿತ್ತು. ಹೃದ್ರೋಗವೋ ಶೇಕಡಾ 88ರಷ್ಟು ಕಡಿಮೆ. ಇಷ್ಟು ಅಂತರ ಹೇಗೆ? ಅವರ ಖಾತೆಯಲ್ಲಿ ಆರಂಭದ ಶಿಲ್ಕೇ ಕಡಿಮೆ, ಹುಟ್ಟಿನಿಂದ ಚಕ್ರಬಡ್ಡಿಯೂ ಕಡಿಮೆ. ಕೊಬ್ಬಿನ ಹಾನಿ ಇಂದಿನ ಅಂಕಿಯಿಂದಲ್ಲ, ಅಂಕಿ ಮತ್ತು ವರ್ಷಗಳ ಗುಣಾಕಾರದಿಂದ ಆಗತಕ್ಕದ್ದು. ಐವತ್ತರಲ್ಲಿ ಎಚ್ಚೆತ್ತು ಎಣ್ಣೆ ಬಿಟ್ಟವರಿಗೆ ಹಳೆಯ ಬಾಕಿ ಉಳಿದೇ ಇರುತ್ತದೆ.

ಬಹುಪಾಲು ಜನರಲ್ಲಿ ಒಂದೇ ವಂಶವಾಹಿಯಲ್ಲ, ನೂರಾರು ಸಣ್ಣ ವ್ಯತ್ಯಾಸಗಳು ಕೂಡಿ ಅಂಕಿಯನ್ನು ಏರಿಸುತ್ತವೆ. ಇನ್ನೊಂದು ಕೊಬ್ಬುಂಟು: 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಗುರುತಿಸಿದ ಲೈಪೋಪ್ರೋಟೀನ್-ಎ. ಇದು ಪಥ್ಯಕ್ಕೂ ವ್ಯಾಯಾಮಕ್ಕೂ ಜಗ್ಗುವುದಿಲ್ಲ. ಹೆಚ್ಚುಕಡಿಮೆ ಪೂರ್ತಿ ವಂಶದ್ದೇ. ಭಾರತೀಯ ಹೃದ್ರೋಗ ವೈದ್ಯರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಇದನ್ನು ಜೀವಮಾನದಲ್ಲಿ ಒಮ್ಮೆಯಾದರೂ ನೋಡಿಸಬೇಕು; ಡೆಸಿಲೀಟರಿಗೆ 50 ಮಿಲಿಗ್ರಾಂ ಮೀರಿದರೆ ಹೆಚ್ಚು.

ಇದೆಲ್ಲ ಹಣೆಬರಹವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಬೂಷ್ಟಿನಿಂದ ತೆಗೆದ ಪದಾರ್ಥದಿಂದ ಮೊದಲಾದ ಸ್ಟ್ಯಾಟಿನ್ ಮಾತ್ರೆಗಳು ಯಕೃತ್ತಿನ ಬಾಗಿಲುಗಳನ್ನು ಹೆಚ್ಚಿಸುತ್ತವೆ. ತೊಡಕಿರುವುದು ಬೇರೆ ಕಡೆ. ನಲವತ್ತೈದರಲ್ಲಿ ಅಣ್ಣ ಎದೆನೋವಿನಿಂದ ಹೋದನೆಂಬುದನ್ನು ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಮುಚ್ಚಿಡುತ್ತೇವೆ. ‘ಜ್ವರ ಬಂದಿತ್ತು’ ಎಂದುಬಿಡುತ್ತೇವೆ. ಸಂಬಂಧ ತಪ್ಪೀತೆಂಬ ಅಂಜಿಕೆ ಸಹಜವೇ. ಆದರೆ ಆ ಮಾತು ತಮ್ಮನ ಮಕ್ಕಳ ಕಿವಿಗೂ ಬೀಳದೆ ಹೋಗುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗಂತೂ ಊರಿನ ದೊಡ್ಡಪ್ಪ ಯಾವುದರಿಂದ ಸತ್ತನೆಂಬುದೇ ಗೊತ್ತಿಲ್ಲ.

ಆದ್ದರಿಂದ ಊರಿಗೆ ಹೋದಾಗ ಅಜ್ಜಿಯಂದಿರನ್ನು, ಎರಡೂ ಕಡೆಯವರನ್ನು, ಕೇಳಿ ಬರೆದುಕೊಳ್ಳಬೇಕು: ಯಾರು, ಎಷ್ಟು ವಯಸ್ಸಿಗೆ, ಯಾವುದರಿಂದ. ತಂದೆಗೋ ಒಡಹುಟ್ಟಿದವನಿಗೋ 55ರೊಳಗೆ, ತಾಯಿಗೋ ಒಡಹುಟ್ಟಿದವಳಿಗೋ 65ರೊಳಗೆ ಹೃದ್ರೋಗ ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮೇಲೆ ಹೇಳಿದ ಮಾರ್ಗಸೂಚಿ ಎಲ್ಲರಿಗೂ 18ಕ್ಕೇ ಮೊದಲ ಪರೀಕ್ಷೆ ಎನ್ನುತ್ತದೆ. ಇಂಥ ಮನೆಯ ಮಕ್ಕಳಿಗೆ ಅದಕ್ಕೂ ಮುಂಚೆ.