ಜಾಲಿಯ ಮೇಲೊಂದು ಕೊಂಬಿನ ಕೀಟ

ಜಾಲಿಯ ಎಳೆ ರೆಂಬೆಗೆ ಕೈ ಚಾಚಿದಾಗ ಮುಳ್ಳೊಂದು ಮೆಲ್ಲಗೆ ಆಚೆ ಬದಿಗೆ ಸರಿದರೆ ಬೆಚ್ಚಬೇಡಿ. ಅದು ಕೊಂಬಿನ ಕೀಟ, ಆಕ್ಸಿರಾಕಿಸ್ ಟರಾಂಡಸ್ ಇದ್ದೀತು. ಭೂತಗನ್ನಡಿ ಹಿಡಿಯಿರಿ. ಕೊಂಬು ತಲೆಯದಲ್ಲ! ಎದೆಯ ಮೊದಲ ಭಾಗದ ಹೊದಿಕೆಯೇ ಬೆಳೆದು ಎರಡು ಕೊಂಬಾಗಿ, ಹಿಂದೆ ರೆಕ್ಕೆಗಳ ಮೇಲೆ ಬಾಗಿದ ಮೊನೆಯಾಗಿದೆ. ಈ ಬಾಗುಗಳನ್ನು ನೋಡಿಯೇ ಜಾತಿ ಗುರುತಿಸಬೇಕು. ಬಣ್ಣವನ್ನಷ್ಟೇ ನಂಬಿದರೆ ಮೋಸಹೋದೀರಿ: ತೊಗರಿಗೆ ಬರುವ ಇದರ ನೆಂಟ ಒಟಿನೋಟಸ್ ಕೂಡ ಕಂದುಬಣ್ಣದ್ದೇ. ಮರಿಗಳಲ್ಲಿ ಕೊಂಬು ಇಷ್ಟು ಬೆಳೆದಿರುವುದಿಲ್ಲ, ಹಾಗಾಗಿ ಅವುಗಳ ಗುರುತು ಇನ್ನೂ ಕಷ್ಟ.

ತಾಯಿ ಎಳೆ ಕಾಂಡವನ್ನು ಸೀಳಿ ಮೊಟ್ಟೆಯಿಡುತ್ತದೆ. ಮರಿಗಳು ಗಿಡದ ರಸ ಹೀರಿ ಸಿಹಿ ಹನಿ ಒಸರುತ್ತವೆ. ಗೊದ್ದಗಳು ಮೀಸೆಯಿಂದ ಅವುಗಳ ಮೈ ಸವರಿ, ಹನಿ ಕುಡಿದು, ಶತ್ರುಗಳನ್ನು ಅಟ್ಟುತ್ತವೆ. ಎಷ್ಟು ಸೊಗಸಾದ ಕೊಡುಕೊಳ್ಳುವಿಕೆ! ಗೊದ್ದಗಳು ಸಾಲಾಗಿ ಜಾಲಿ ಹತ್ತುವುದು ಕಂಡರೆ ಅವುಗಳ ಹಿಂದೆಯೇ ಕಣ್ಣು ಹಾಯಿಸಿ.